ಜಾವಾದ ಎರಡು ಕೊಳವೆಗಳು ಮತ್ತು ಒಂದು ಸಣ್ಣ ಸೋರಿಕೆ

ಮೈಸೂರಿನ ಕೈಗಾರಿಕೆಗಳ ಚರಿತ್ರೆ ಬರೆಯುವವರು ಉದ್ಘಾಟನೆಯಿಂದ ಆರಂಭಿಸಿ ಬೀಗಮುದ್ರೆಯಲ್ಲಿ ಮುಗಿಸುವುದು ವಾಡಿಕೆ. ಆದರೆ ಯಂತ್ರವೊಂದು ಕಾರ್ಖಾನೆಯ ಬಾಗಿಲು ದಾಟಿದ ಮೇಲೆ ಅದರದೇ ಆದ ಇನ್ನೊಂದು ಚರಿತ್ರೆ ಶುರುವಾಗುತ್ತದೆ. ಅದು ದುರಸ್ತಿಯ ಚರಿತ್ರೆ. ಯಾವ ಗೆಜೆಟಿಯರಿನಲ್ಲೂ ಅದಕ್ಕೆ ಸ್ಥಳವಿಲ್ಲ. ಆ ಚರಿತ್ರೆಯ ಒಂದು ಪುಟ್ಟ ಅಧ್ಯಾಯವನ್ನಾದರೂ ಇಲ್ಲಿ ದಾಖಲಿಸಿಡೋಣವೆಂದು ಈ ಬರಹ.

ಇದಕ್ಕೆ ಪ್ರೇರಣೆ ನನ್ನ ಹಳೆಯ ಶಿಷ್ಯನೊಬ್ಬನ ಪ್ರಶ್ನೆ. "ಸಾರ್, ಅಪ್ಪನ ಕಾಲದ ಯೆಜ್ಡಿ ಮನೆಯಲ್ಲಿದೆ. ಮುಂದುಗಡೆ ಸಿಲಿಂಡರಿನ ಹತ್ತಿರ ಹೊಗೆ ಸೋರುತ್ತದೆ. ಎಷ್ಟು ಸಲ ಪ್ಯಾಕಿಂಗ್ ಹಾಕಿಸಿದರೂ ನಿಲ್ಲುವುದಿಲ್ಲ. ಮಾರಿಬಿಡಲೇ?" ಎಂದು ಕೇಳಿದ. ಮಾರಬೇಡ ಎಂದೆ. ಕಾರಣವನ್ನು ಎಲ್ಲರಿಗೂ ತಿಳಿಯುವಂತೆ ಬರೆಯುತ್ತೇನೆಂದೂ ಹೇಳಿದೆ.

ಮೊದಲು ಪೂರ್ವಕಥೆ. ಜೆಕೊಸ್ಲೊವಾಕಿಯಾದಲ್ಲಿ ಫ್ರಾಂಟಿಸೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿನ್ಯಾಸವನ್ನು ಕೊಂಡು ತಯಾರಿಕೆಗಿಳಿದ. ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ 'ಜಾವಾ' ಆಯಿತು. ಮುಂಬಯಿಯಲ್ಲಿ ಈ ಗಾಡಿಗಳನ್ನು ತರಿಸಿ ಮಾರುತ್ತಿದ್ದ ರುಸ್ತುಂ ಇರಾನಿಯವರು, ವಿದೇಶಿ ವಾಹನಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿದಾಗ, ಇಲ್ಲಿಯೇ ತಯಾರಿಸಲು ನಿರ್ಧರಿಸಿದರು. ಹೀಗೆ ನಮ್ಮ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆಯೆತ್ತಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರವರು. 1973ರಿಂದ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂದಿತು. ಗಾಡಿಯನ್ನು ಚಾಲೂ ಮಾಡುವ ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರ್ ಹಾಕುವ ಸಲಾಕೆಯಾಗುತ್ತಿದ್ದ ಚಮತ್ಕಾರವನ್ನು ಕಂಡವರು ಮರೆತಿರಲಾರರು.

ಸುಮಾರು 250 ಸಿಸಿಯ ಈ ಗಾಡಿಗೆ ಇದ್ದದ್ದು ಒಂದೇ ಸಿಲಿಂಡರ್. ಆದರೆ ಹೊಗೆ ಹೋಗಲು ಎರಡು ಕೊಳವೆ, ಎರಡು ಸೈಲೆನ್ಸರ್. ಪಠ್ಯಪುಸ್ತಕದಲ್ಲಿ ನಾವು 'ನಿಷ್ಕಾಸ ಕೊಳವೆ' ಎನ್ನುತ್ತಿದ್ದುದನ್ನು ಗ್ಯಾರೇಜಿನವರು ಬೆಂಡ್ ಪೈಪ್ ಎನ್ನುತ್ತಾರೆ. ಸಿಲಿಂಡರಿನ ಬಾಯಿಗೆ ಈ ಪೈಪನ್ನು ಹಿಡಿದಿಡುವುದು ಬಳೆಯಂಥ ಒಂದು ದೊಡ್ಡ ನಟ್; ನಡುವೆ ಒಂದು ಉಂಗುರದ ಪ್ಯಾಕಿಂಗ್. ಒಟ್ಟು ಸಂಧಿ ಇಷ್ಟೇ. ಕಾರುಗಳಲ್ಲಿ ನಾಲ್ಕು ಸಿಲಿಂಡರುಗಳ ಹೊಗೆಯನ್ನು ಒಂದುಗೂಡಿಸುವ ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಮಾಡುವ ಕೆಲಸವನ್ನೇ ಇಲ್ಲಿ ಈ ಸರಳ ಜೋಡಣೆ ಮಾಡುತ್ತದೆ.

ಇಷ್ಟು ಸರಳವಾದದ್ದು ಏಕೆ ಸೋರಬೇಕು? ಎರಡು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಒಮ್ಮೆ ಹೊಗೆ ಹೊರಬೀಳುತ್ತದೆ. ನಿಮಿಷಕ್ಕೆ 3,000 ಸುತ್ತು ಎಂದರೆ ಸೆಕೆಂಡಿಗೆ 50 ಬಾರಿ ಬಿಸಿ ಅನಿಲ ಆ ಸಂಧಿಯನ್ನು ಗುದ್ದುತ್ತದೆ. ಓಡುವಾಗ ಲೋಹ ಕಾದು ಹಿಗ್ಗುತ್ತದೆ, ನಿಲ್ಲಿಸಿದಾಗ ಆರಿ ಕುಗ್ಗುತ್ತದೆ. ಇದರ ಮೇಲೆ ನಡುಕ. ಈ ಮೂರೂ ಸೇರಿ ಎಂಥ ನಟ್ಟನ್ನಾದರೂ ಸಡಿಲಿಸಿಬಿಡುತ್ತವೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಗಾಡಿಯಾದ್ದರಿಂದ ಉರಿಯದೆ ಉಳಿದ ಎಣ್ಣೆ ಮಸಿಯೊಡನೆ ಸಂದಿನಲ್ಲಿ ಒಸರಿ ಸಿಲಿಂಡರಿನ ರೆಕ್ಕೆಗಳ ಮೇಲೆ ಕರಿ ಬಳಿಯುತ್ತದೆ. ಹಾಗೆ ನೋಡಿದರೆ ಅದು ಉಪಕಾರವೇ. ರೋಗ ತನ್ನ ಸ್ಥಳವನ್ನು ತಾನೇ ತೋರಿಸಿಕೊಡುತ್ತದೆ.

ಸೋರಿದರೆ ಸದ್ದು ಜಾಸ್ತಿಯಾಗುತ್ತದೆ ಅಷ್ಟೇ ತಾನೆ ಎನ್ನಬೇಡಿ. ಇಂಥ ಎಂಜಿನ್ನಿನಲ್ಲಿ ಕವಾಟಗಳಿಲ್ಲ. ಹೊಗೆ ಹೊರಹೋಗುವ ಕಂಡಿ ತೆರೆದಿರುವಾಗಲೇ ಹೊಸ ಪೆಟ್ರೋಲ್ ಮಿಶ್ರಣ ಒಳಬರುತ್ತದೆ. ಕೊಳವೆಯಲ್ಲಿ ಓಡುವ ಒತ್ತಡದ ಅಲೆ ಮರಳಿ ಬಂದು ಆ ಮಿಶ್ರಣ ಪೋಲಾಗದಂತೆ ತಡೆಯಬಲ್ಲದು. ಪೂರ್ವ ಜರ್ಮನಿಯ ಎಂ.ಜೆಡ್. ಕಂಪನಿಯ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಈ ಅಲೆಯನ್ನು ಪಳಗಿಸಿ ರೇಸಿನ ಗಾಡಿಗಳಿಗೆ ಅಪಾರ ಶಕ್ತಿ ತಂದುಕೊಟ್ಟ. ಆತನ ಸವಾರ ಎರ್ನ್ಸ್ಟ್ ಡೆಗ್ನರ್ 1961ರಲ್ಲಿ ದೇಶ ತೊರೆದು ಆ ವಿದ್ಯೆಯನ್ನು ಜಪಾನಿನ ಸುಜುಕಿಗೆ ಒಯ್ದ. ಯಾದವಗಿರಿಯಲ್ಲಿ ಕಾರ್ಖಾನೆ ಉದ್ಘಾಟನೆಯಾದದ್ದೂ ಅದೇ ವರ್ಷ. ನಮ್ಮದು ರೇಸಿನ ಗಾಡಿಯಲ್ಲ, ನಿಜ. ಆದರೂ ಸಂಧಿ ಸೋರಿದರೆ ಎಂಜಿನ್ನಿನ ಎಳೆತ ಕುಂದುತ್ತದೆ, ಆಕ್ಸಿಲೇಟರ್ ಬಿಟ್ಟಾಗ ಪಟಪಟ ಸಿಡಿಯುತ್ತದೆ.

ಈಗ ದುರಸ್ತಿ. ಎಂಜಿನ್ ಪೂರ್ಣ ತಣ್ಣಗಿರಲಿ. ಸಂಧಿಗೆ ಸೋಪಿನ ನೀರು ಸವರಿ ಕಿಕ್ ಹೊಡೆದರೆ ಗುಳ್ಳೆಗಳು ಸೋರುವ ಜಾಗ ತೋರಿಸುತ್ತವೆ. ನಟ್ಟಿಗೆ ಹಿಂದಿನ ರಾತ್ರಿಯೇ ತೆಳು ಎಣ್ಣೆ ಬಿಟ್ಟಿರಬೇಕು. ಅದನ್ನು ತಿರುಗಿಸಲು ಕೊಕ್ಕೆಯಾಕಾರದ ಸ್ಪ್ಯಾನರೇ ಬೇಕು. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದರೆ ನಟ್ಟಿನ ಹಲ್ಲು ಮುರಿಯುತ್ತದೆ. ಸಿಲಿಂಡರಿನ ಬಾಯೊಳಗೆ ಬಟ್ಟೆ ತುರುಕಿ, ಕಟ್ಟಿದ ಕಾರ್ಬನ್ನನ್ನು ಮೆಲ್ಲನೆ ಕೆರೆದು ತೆಗೆದು, ಬಟ್ಟೆಯನ್ನು ಮರೆಯದೆ ಹೊರತೆಗೆದು, ಹೊಸ ಪ್ಯಾಕಿಂಗ್ ಕೂರಿಸಬೇಕು. ಹಳೆಯ ಪ್ಯಾಕಿಂಗಿನಲ್ಲಿ ಕಲ್ನಾರು ಇರುವ ಸಂಭವವುಂಟು. ಅದರ ಧೂಳು ಕ್ಯಾನ್ಸರ್‌ಕಾರಕ. ಒಣಗಿದ್ದಾಗ ಉಜ್ಜದೆ ನೀರಿನಲ್ಲಿ ನೆನೆಸಿಯೇ ತೆಗೆಯಿರಿ. ಅಂಟು ಮೆತ್ತುವ ಉಪಾಯ ಆ ಶಾಖದ ಮುಂದೆ ನಿಲ್ಲುವುದಿಲ್ಲ.

ಇನ್ನು ನನ್ನ ಶಿಷ್ಯನ ಪ್ರಶ್ನೆಗೆ ಉತ್ತರ. ಸೈಲೆನ್ಸರನ್ನು ಹಿಂದುಗಡೆ ಚಾಸಿಗೆ ಬಿಗಿಯುವ ಬೋಲ್ಟುಗಳಿವೆಯಲ್ಲ, ಅವನ್ನು ಮೊದಲು ಸಡಿಲಿಸಬೇಕು. ಬೆಂಡ್ ಪೈಪು ಸಿಲಿಂಡರಿನ ಬಾಯಲ್ಲಿ ನೆಟ್ಟಗೆ ಕುಳಿತ ಮೇಲೆ ನಟ್ಟನ್ನು ಬೆರಳಿನಿಂದಲೇ ಕೆಲವು ಸುತ್ತು ತಿರುಗಿಸಿ, ಆಮೇಲೆ ಸ್ಪ್ಯಾನರಿನಿಂದ ಬಿಗಿದು, ಹಿಂದಿನ ಬೋಲ್ಟುಗಳನ್ನು ಕಟ್ಟಕಡೆಗೆ ಬಿಗಿಯಬೇಕು. ಈ ಕ್ರಮ ತಪ್ಪಿದರೆ ಸೈಲೆನ್ಸರ್ ಪೈಪನ್ನು ಸದಾ ಓರೆಗೆ ಎಳೆಯುತ್ತಿರುತ್ತದೆ. ಆಗ ಎಷ್ಟು ಪ್ಯಾಕಿಂಗ್ ಹಾಕಿದರೂ ವ್ಯರ್ಥ. ಸೋರಿಕೆ ಕಾಣುವುದು ಮುಂದೆ, ಕಾರಣ ಕೂತಿರುವುದು ಹಿಂದೆ! ಒಂದು ಸುತ್ತು ಓಡಿಸಿ, ತಣಿದ ಮೇಲೆ ನಟ್ಟನ್ನು ಮತ್ತೊಮ್ಮೆ ಬಿಗಿಯುವುದನ್ನೂ ಮರೆಯಬಾರದು. ಥ್ರೆಡ್ಡೇ ಸವೆದಿದ್ದರೆ ನುರಿತ ಲೇತಿನವರಲ್ಲಿಗೆ ಹೋಗಬೇಕು. ಬೀಡುಕಬ್ಬಿಣವನ್ನು ಅರಿಯದೆ ವೆಲ್ಡಿಂಗ್ ಮಾಡಿದರೆ ಬಿರುಕು ಬಿಡುತ್ತದೆ.

ಕಾರಿನವರಿಗೂ ಒಂದು ಮಾತು. ಹಳೆಯ ಕಾರು ಬೆಳಗಿನ ಚಳಿಯಲ್ಲಿ ಟಿಕ್ ಟಿಕ್ ಎಂದು, ಕಾದ ಮೇಲೆ ಸುಮ್ಮನಾದರೆ, ಮ್ಯಾನಿಫೋಲ್ಡಿನಲ್ಲಿ ಸಣ್ಣ ಸಂದು ಬಿಟ್ಟಿರಬಹುದು. ಲೋಹ ಹಿಗ್ಗಿ ಸಂದು ಮುಚ್ಚಿಕೊಂಡಾಗ ಸದ್ದು ಅಡಗುತ್ತದೆ, ದೋಷ ಹಾಗೇ ಉಳಿಯುತ್ತದೆ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕಾರಿನೊಳಗೆ ನುಗ್ಗಿದರೆ ಪ್ರಾಣಕ್ಕೇ ಅಪಾಯ. ಮುಚ್ಚಿದ ಶೆಡ್ಡಿನಲ್ಲಿ ಯಾವ ಗಾಡಿಯನ್ನೂ ಚಾಲೂ ಇಡಬೇಡಿ.

1980ರ ದಶಕದ ನಡುವೆ ಜಪಾನೀ ಸಹಯೋಗದ 100 ಸಿಸಿ ಗಾಡಿಗಳು ಬಂದವು. ಪೆಟ್ರೋಲ್ ಕಡಿಮೆ ಕುಡಿಯುವ ಅವುಗಳೆದುರು ಯೆಜ್ಡಿ ಸೊರಗಿತು. ಹೊಗೆಯ ಮಿತಿ ಕುರಿತ ನಿಯಮಗಳು 1991ರಲ್ಲಿ ಬಂದು 1996ರಲ್ಲಿ ಬಿಗಿಯಾದವು. ಅದೇ 1996ರಲ್ಲಿ ಕಾರ್ಖಾನೆ ನಿಂತಿತು. 2018ರಲ್ಲಿ ಜಾವಾ ಮರಳಿ ಬಂದಿತೇನೋ ನಿಜ. ಆದರೆ ಅದು ನಾಲ್ಕು ಹೊಡೆತದ ಎಂಜಿನ್, ಮೈಸೂರಿನಲ್ಲಿ ಹುಟ್ಟಿದ್ದೂ ಅಲ್ಲ. ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹಳೆಯ ನೆನಪಿಗೆಂಬಂತೆ ಎರಡು ಸೈಲೆನ್ಸರುಗಳನ್ನು ಮಾತ್ರ ಉಳಿಸಿಕೊಂಡಿತು.

ಮಾತೃಕಾರ್ಖಾನೆ ಮುಚ್ಚಿದ ಮೇಲೂ ಹಳೆಯ ಗಾಡಿಗಳು ಓಡುತ್ತಿವೆಯೆಂದರೆ ಅದಕ್ಕೆ ಕಾರಣ ಗಲ್ಲಿಗಳ ಮೆಕ್ಯಾನಿಕ್ಕರು, ಲೇತಿನವರು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಯುವಕರು ಗಾಡಿಗಳನ್ನು ಮಿರಮಿರ ಮಿಂಚಿಸಿ ಮೆರವಣಿಗೆ ಹೊರಡುತ್ತಾರೆ. ಸಂತೋಷ. ಆದರೆ ಹಿಂದಿನ ಬೋಲ್ಟನ್ನು ಮೊದಲು ಸಡಿಲಿಸಬೇಕೆಂದು ಬಲ್ಲ ಕೈಗಳಿಗೆ ವಯಸ್ಸಾಗುತ್ತಿದೆ. ಬಿಡಿಭಾಗವನ್ನು ನಕಲು ಮಾಡಿಸಬಹುದು, ಆ ಕೈಯ ತಿಳಿವಳಿಕೆಯನ್ನು ಹಾಗೆ ಮಾಡಿಸಲಾಗದು. ನಿಮ್ಮ ಬೀದಿಯಲ್ಲಿ ಅಂಥವರಿದ್ದರೆ ಅರ್ಧ ದಿನ ಬಿಡುವು ಮಾಡಿಕೊಂಡು, ಪಕ್ಕದಲ್ಲಿ ಕುಳಿತು, ಸ್ಪ್ಯಾನರ್ ಎತ್ತಿಕೊಟ್ಟು, ನೋಡಿ ಕಲಿಯಿರಿ. ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಪಾಠ ಹೇಳಿ ಬದುಕಿದವನು ಕೊಡಬಹುದಾದ ಮನೆಗೆಲಸ ಇದೊಂದೇ.