ಕದಡಿದ ನೀರನ್ನು ತಿಳಿಗೊಳಿಸುವಲ್ಲಿ ಪಾಲಿಮರ್ ಬಳಕೆ: ಕೊಪ್ಪಳ ಜಿಲ್ಲೆಯ ಸಾರ್ವಜನಿಕರಿಗೆ ಮಾಹಿತಿ

ಕುಡಿಯುವ ನೀರಿನ ಸಂಪರ್ಕ ಹಾಗೂ ನೀರಿನ ಪರೀಕ್ಷೆಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಮಳೆಗಾಲದಲ್ಲಿ ತುಂಗಭದ್ರಾ ನದಿ ಮತ್ತು ಎಡದಂಡೆ ಕಾಲುವೆಯ ನೀರು ಕೆಂಪಾಗಿ ಕದಡಿದಾಗ, ಶುದ್ಧೀಕರಣದ ರಾಸಾಯನಿಕವನ್ನು ಇನ್ನಷ್ಟು ಹಾಕಬಾರದೇಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಹೆಚ್ಚು ಹಾಕಿದಷ್ಟೂ ನೀರು ಹೆಚ್ಚು ತಿಳಿಯಾಗುವುದೆಂಬ ಭಾವನೆ ಸರಿಯಲ್ಲ.

ಹೊಳೆಯ ನೀರು ಹೊತ್ತು ತರುವ ಹೂಳು ಅಲ್ಪವಲ್ಲ. 1953ರಲ್ಲಿ ನೀರು ಸಂಗ್ರಹ ಆರಂಭವಾದ ತುಂಗಭದ್ರಾ ಜಲಾಶಯದ ಸಾಮರ್ಥ್ಯವು ಹೂಳಿನಿಂದಾಗಿ ಸುಮಾರು 133 ಟಿ.ಎಂ.ಸಿ.ಯಿಂದ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಈ ಹೂಳಿನಲ್ಲಿ ಜೇಡಿಯೊಂದಿಗೆ ಸಿಲಿಕಾ, ಅಂದರೆ ಮರಳಿನ ಮೂಲವಸ್ತುವಿನ ಅತಿ ಸಣ್ಣ ಕಣಗಳೂ ಇರುತ್ತವೆ. ದಪ್ಪ ಮರಳು ತಾನಾಗಿಯೇ ತಳಕ್ಕೆ ಇಳಿಯುತ್ತದೆ. ಸಣ್ಣ ಕಣಗಳು ಇಳಿಯುವುದಿಲ್ಲ. ನೀರಿನಲ್ಲಿ ಸಿಲಿಕಾದ ಮೇಲ್ಮೈ ಋಣ ವಿದ್ಯುದಂಶವನ್ನು ಪಡೆಯುವುದರಿಂದ ಕಣಗಳು ಒಂದನ್ನೊಂದು ದೂರ ತಳ್ಳುತ್ತಾ ದಿನಗಟ್ಟಲೆ ತೇಲುತ್ತಿರುತ್ತವೆ.

ಈ ಕಾರಣದಿಂದ ಮೊದಲು ಪಟಿಕವನ್ನು (ಆಲಂ) ಬೆರೆಸಲಾಗುತ್ತದೆ. ಅದರಲ್ಲಿನ ಅಲ್ಯೂಮಿನಿಯಂ ಕಣಗಳ ಋಣ ವಿದ್ಯುದಂಶವನ್ನು ತಗ್ಗಿಸುತ್ತದೆ. ಅಗತ್ಯವಿದ್ದಲ್ಲಿ ನಂತರ ನೀರಿನಲ್ಲಿ ಕರಗುವ ಪಾಲಿಮರ್ ಅನ್ನು ಸೇರಿಸಲಾಗುತ್ತದೆ. ಪಾಲಿಮರ್ ಎಂದರೆ ದಾರದಂತೆ ಉದ್ದನೆಯ ಅಣು. ಅದು ಕಣದ ಮೇಲ್ಮೈಗೆ ಹಲವು ಕಡೆ ಅಂಟಿಕೊಳ್ಳುತ್ತದೆ. ಒಂದು ಕಡೆ ಬಿಟ್ಟರೂ ಉಳಿದ ಕಡೆ ಹಿಡಿದಿರುವುದರಿಂದ ಪೂರ್ತಿಯಾಗಿ ಕಳಚುವುದು ವಿರಳ. ಹೊರಗೆ ಚಾಚಿದ ತುದಿಯು ಪಕ್ಕದ ಕಣವನ್ನು ಹಿಡಿಯುತ್ತದೆ. ಹೀಗೆ ಕಣಗಳು ಗರಣೆಗಟ್ಟಿ ಭಾರವಾಗಿ ತಳ ಸೇರುತ್ತವೆ. ಋಣ ವಿದ್ಯುದಂಶವುಳ್ಳ ಪಾಲಿಮರ್ ಬರಿಯ ಸಿಲಿಕಾಕ್ಕೆ ಸುಲಭವಾಗಿ ಅಂಟುವುದಿಲ್ಲ. ಪಟಿಕ ಮೊದಲು, ಪಾಲಿಮರ್ ನಂತರ ಎಂಬ ಕ್ರಮ ಇರುವುದು ಇದೇ ಕಾರಣಕ್ಕೆ.

ಎರಡನೆಯ ಕಣದಲ್ಲಿ ತುದಿ ಹಿಡಿಯಲು ಖಾಲಿ ಜಾಗ ಇರಬೇಕೆಂಬುದು ಇಲ್ಲಿ ಮುಖ್ಯ. ಪಾಲಿಮರ್ ಹೆಚ್ಚಾದಲ್ಲಿ ಪ್ರತಿ ಕಣವೂ ಪೂರ್ತಿ ಮುಚ್ಚಿಹೋಗಿ, ಒಂದಕ್ಕೊಂದು ಕೂಡದೆ, ನೀರು ಕದಡಿದಂತೆಯೇ ಉಳಿಯುತ್ತದೆ. ಖರ್ಚು ಹೆಚ್ಚಿ ಫಲ ಕಡಿಮೆಯಾಗುತ್ತದೆ. ಆದುದರಿಂದ ಆಯಾ ದಿನದ ನೀರನ್ನು ಹಲವು ಜಾಡಿಗಳಲ್ಲಿ ತೆಗೆದುಕೊಂಡು, ಬೇರೆ ಬೇರೆ ಪ್ರಮಾಣ ಬೆರೆಸಿ ನೋಡಿದ ನಂತರವೇ ಪ್ರಮಾಣವನ್ನು ನಿಗದಿಪಡಿಸತಕ್ಕದ್ದು. ಪಾಲಿಮರ್ ಸಾಮಾನ್ಯವಾಗಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಸಾಕಾಗುತ್ತದೆ. ಮನೆಯ ಕೊಡಕ್ಕೆ ಅಂದಾಜಿನಲ್ಲಿ ಪಟಿಕ ಹಾಕುವುದೂ ಸೂಕ್ತವಲ್ಲ. ಬಿ.ಐ.ಎಸ್. ಮಾನಕ 10500:2012ರಂತೆ ಕುಡಿಯುವ ನೀರಿನಲ್ಲಿ ಅಲ್ಯೂಮಿನಿಯಂ ಲೀಟರಿಗೆ 0.03 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದಲ್ಲಿ 0.2 ಮಿಲಿಗ್ರಾಂವರೆಗೆ ಅವಕಾಶವಿದೆ.

ನುಗ್ಗೆ ಬೀಜದ ಪುಡಿಯಿಂದ ನೀರು ತಿಳಿಯಾಗುವುದೂ ಇದೇ ರೀತಿಯಲ್ಲಿ. ಬೀಜದಲ್ಲಿರುವ, ನೀರಿನಲ್ಲಿ ಕರಗುವ ಪ್ರೋಟೀನ್ ಧನ ವಿದ್ಯುದಂಶವುಳ್ಳದ್ದಾಗಿದ್ದು ಸಿಲಿಕಾಕ್ಕೆ ನೇರವಾಗಿ ಅಂಟುತ್ತದೆ. ಈ ಪ್ರೋಟೀನ್ ಅಂಟಿದ ಮರಳನ್ನು ತೊಳೆದ ನಂತರವೂ ಅದು ರೋಗಾಣುಗಳನ್ನು ಕೊಲ್ಲುವುದನ್ನು ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಆದರೆ ಬರಿಯ ಪುಡಿ ಬೆರೆಸಿದ ನೀರಿನಲ್ಲಿ ಬೀಜದ ಇತರ ಅಂಶಗಳು ಉಳಿದು ರೋಗಾಣುಗಳಿಗೆ ಆಹಾರವಾಗುವುದರಿಂದ, ಅದನ್ನು ಬಹುಕಾಲ ಇಡದೆ, ಸೋಸಿ ಕುದಿಸಿ ಅದೇ ದಿನ ಬಳಸಬೇಕು.

ಕುಷ್ಟಗಿ ಮತ್ತು ಯಲಬುರ್ಗಾ ಕಡೆಯ ಕೊಳವೆಬಾವಿ ಬಳಕೆದಾರರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಗ್ರಾನೈಟ್ ಶಿಲೆಯಿಂದ ಅಂತರ್ಜಲಕ್ಕೆ ಸೇರುವ ಫ್ಲೋರೈಡ್ ನೀರಿನಲ್ಲಿ ಪೂರ್ತಿ ಕರಗಿರುತ್ತದೆ; ನೀರು ಗಾಜಿನಂತೆ ತಿಳಿಯಾಗಿದ್ದರೂ ಅದು ಇರಬಹುದು. ಪಾಲಿಮರ್ ಅದನ್ನು ತೆಗೆಯುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಮಾನಕದಂತೆ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂ. ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆ ಕಂಡುಬಂದಲ್ಲಿ ಪರೀಕ್ಷೆಯನ್ನು ಮುಂದೂಡಬಾರದು.

ಫ್ಲೋರೈಡ್ ಪರೀಕ್ಷೆಗೆ ಮಾದರಿಯನ್ನು ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ತರತಕ್ಕದ್ದು. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದಿಂದಲೇ ಕ್ರಿಮಿರಹಿತ ಬಾಟಲಿಯನ್ನು ಪಡೆಯುವುದು. ಮಾದರಿಯ ಮೇಲೆ ಗ್ರಾಮ, ನೀರಿನ ಮೂಲ ಮತ್ತು ಸಂಗ್ರಹಿಸಿದ ದಿನಾಂಕವನ್ನು ಬರೆಯಲು ಕೋರಲಾಗಿದೆ.