ಏಡಿಕಾಯಿ ರಸ, ಎರಡು ಚಮಚ

ಆಪರೇಷನ್ ಆಗಿ ಐದನೇ ವಾರ. ತೂಕ ಇಳಿಸೋಕೆ ಅಂತ ಹೊಟ್ಟೇಲಿ ಸುಮಾರು ಮುಕ್ಕಾಲು ಪಾಲು ತೆಗೆದು, ಬಾಳೆಕಾಯಿ ಆಕಾರದ ಒಂದು ಕೊಳವೆ ಉಳಿಸಿದ್ರು. ಸ್ಲೀವ್ ಅಂತಾರಲ್ಲ, ಅದು. ಮೊದಲು ಬರೀ ನೀರಿನಂಥದ್ದು, ಆಮೇಲೆ ನುಣ್ಣಗೆ ರುಬ್ಬಿದ್ದು. ದಿನಕ್ಕೆ 60 ಗ್ರಾಂ ಪ್ರೋಟೀನಾದ್ರೂ ಹೋಗಬೇಕು ಅಂತ ಆಹಾರ ತಜ್ಞೆ ಹೇಳಿದ್ರು. ನನಗೋ ಆ ಪುಡಿ ಕಲಸಿದ ಹಾಲು ಕಂಡ್ರೇ ವಾಕರಿಕೆ. ಒಂದಿನ ಲೋಟ ಪಕ್ಕಕ್ಕಿಟ್ಟು ಅತ್ತುಬಿಟ್ಟೆ. ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು, "ಏಡಿಕಾಯಿ ರಸ ಕಾಯಿಸ್ಲೇನವ್ವಾ?" ಅಂದ್ಲು.

ನಮ್ಮನೇಲಿ ಆ ಹೆಸರು ಕೇಳಿ ಮೂವತ್ತು ವರ್ಷದ ಮೇಲಾಗಿತ್ತು.

ಅಜ್ಜಿ ಊರು ಸಾರಕ್ಕಿ. ಈಗ ಜೆ.ಪಿ. ನಗರದ ನಡುವೆ ಸಿಕ್ಕೊಂಡಿರೋ ಸಾರಕ್ಕೀನೇ. ಆಗ ಕೆರೆ ಏರಿ ಕೆಳಗೆ ತೂಬಿನ ನೀರಲ್ಲಿ ಭತ್ತ, ಮೇಲಿನ ಹೊಲದಲ್ಲಿ ರಾಗಿ. ಮಳೆ ಹಿಡಿದ್ರೆ ಗದ್ದೆ ಬದುವಿನ ತುಂಬ ಏಡಿ ಬಿಲ. ಬಿಲ ಕೊರೆದ್ರೆ ಬದು ಸೋರಿ ನೀರೆಲ್ಲ ಹೋಗ್ತದೆ. ಹಾಗಾಗಿ ಏಡಿ ಹಿಡಿಯೋದು ಬೇಸಾಯದ ಕೆಲಸವೂ ಹೌದು, ರಾತ್ರಿ ಸಾರಿನ ಏರ್ಪಾಡೂ ಹೌದು. ಕುರಿ, ಕೋಳಿ ಹಬ್ಬಕ್ಕೆ. ಕಾಸಿಲ್ಲದ ದಿನ ಏಡಿ. ದೊಡ್ಡವು ಸಾರಿಗೆ ಹೋದ್ರೆ, ಸಣ್ಣವನ್ನ ಒರಳಲ್ಲಿ ಕುಟ್ಟಿ, ಹಿಂಡಿ, ಸೋಸಿ, ಆ ರಸವನ್ನ ಚೆನ್ನಾಗಿ ಕುದಿಸಿ ಬಾಣಂತಿಗೆ, ನೆಗಡಿ ಹಿಡಿದ ಮಕ್ಕಳಿಗೆ ಕುಡಿಸೋರು. ಹಸಿದು ಮಾತ್ರ ಕುಡಿಯಂಗಿಲ್ಲ ಅಂತಿದ್ಲಂತೆ ಅಜ್ಜಿ. ಅಂದ್ರೆ ಹಸಿ ರಸ ಕುಡಿಬಾರ್ದು ಅಂತ. ಅದು ಸರಿಯಾದ ಮಾತೇ. ಸಿಹಿನೀರಿನ ಏಡೀನ ಸರಿಯಾಗಿ ಬೇಯಿಸದೆ ತಿಂದ್ರೆ ಶ್ವಾಸಕೋಶಕ್ಕೆ ಒಂಥರಾ ಹುಳ ಸೇರೋದುಂಟು.

1948ರಲ್ಲಿ ಜಯನಗರ ಬಡಾವಣೆಗೆ ಅಡಿಪಾಯ ಬಿತ್ತು. ಅಲ್ಲಿಂದ ಊರು ದಕ್ಷಿಣಕ್ಕೆ ಚಾಚ್ತಾ ಬಂತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರೂ ಸೇರಿ ಬಿ.ಟಿ.ಎಂ. ಆಯ್ತು. ಗದ್ದೆಗಳು ಸೈಟಾದವು, ನಮ್ಮದೂ ಆಯ್ತು. ಕೆರೆಗೆ ಮೋರಿ ನೀರು ಬಂತು. ಸಾರಕ್ಕಿ ಕೆರೆ ಒತ್ತುವರಿಯನ್ನ 2015ರಲ್ಲಿ ತೆರವು ಮಾಡಿದ್ರು, ಕೆರೆ ಉಳೀತು. ಗದ್ದೆ ವಾಪಸ್ ಬರಲಿಲ್ಲ.

ಏಡಿ ಹೋಗೋಕೆ ಇನ್ನೊಂದು ಕಾರಣವೂ ಇತ್ತು. ಅವ್ವ ಮದುವೆಯಾಗಿ ಬಂದಿದ್ದು ಜಯನಗರದ ಬಾಡಿಗೆ ಮನೆಗೆ. ಓನರಮ್ಮ ಮೊದಲ ದಿನವೇ "ಮೀನು ಗೀನು ಬೇಯಿಸಂಗಿಲ್ಲ" ಅಂದಿದ್ರು. ಒಂದ್ಸಲ ಕಿಟಕಿ ಮುಚ್ಚಿ ಏಡಿ ಸಾರು ಮಾಡಿದಾಗ ಮೆಟ್ಟಿಲ ಮೇಲೆ ನಿಂತು ಬೈದಿದ್ರು. ನಾನಾಗ ಎರಡನೇ ಕ್ಲಾಸು. ಆಮೇಲೆ ನಾನೂ ಸ್ಕೂಲಲ್ಲಿ ಯಾರ ಮುಂದೂ ಏಡಿ ಅನ್ನಲಿಲ್ಲ. ಕ್ರಮೇಣ ಪಫ್ಸು, ಮಸಾಲಪುರಿ, ಹೋಟೆಲ್ ಬಿರಿಯಾನಿ ಬಂದವು. ಅಜ್ಜಿ ದಿನವೆಲ್ಲ ಕೆಸರಲ್ಲಿ ಬಗ್ಗಿ ಎದ್ದೋಳು. ನಾನು ಕಂಪ್ಯೂಟರ್ ಮುಂದೆ ಕೂತೋಳು.

ಗದ್ದೆಗಳು ಬಡಾವಣೆ ಆಗ್ತಿದ್ದ ಆ ಕಾಲದಲ್ಲೇ, 1966ರಲ್ಲಿ, ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಅನ್ನೋ ಸರ್ಜನ್ ತೂಕ ಇಳಿಸೋ ಬೈಪಾಸ್ ಆಪರೇಷನ್ ಶುರು ಮಾಡಿದ್ರು. ಹುಣ್ಣಿಗೆ ಅಂತ ಹೊಟ್ಟೆಯ ಭಾಗ ತೆಗೆಸಿಕೊಂಡವರ ತೂಕ ಏರದೇ ಇರೋದೇ ಅದಕ್ಕೆ ದಾರಿ ತೋರಿಸಿತ್ತು. ಸ್ಲೀವ್ ಬಂದದ್ದು ಎಷ್ಟೋ ಆಮೇಲೆ. ತೀರಾ ದಪ್ಪಗಿದ್ದವರಿಗೆ ದೊಡ್ಡ ಆಪರೇಷನ್ನಿನ ಮೊದಲ ಹಂತ ಅಂತ ಮಾಡ್ತಿದ್ರು. ಎಷ್ಟೋ ಜನಕ್ಕೆ ಅಷ್ಟರಲ್ಲೇ ತೂಕ ಇಳಿದದ್ದು ನೋಡಿ, ಅದನ್ನೇ ಪೂರ್ತಿ ಚಿಕಿತ್ಸೆ ಮಾಡಿಕೊಂಡ್ರು.

ಅವ್ವನ ಮಾತನ್ನ ಆಹಾರ ತಜ್ಞೆಗೆ ಫೋನ್ ಮಾಡಿ ಕೇಳಿದೆ. ಅಲರ್ಜಿ ಇಲ್ಲ ತಾನೆ, ಚಿಪ್ಪಿನ ಚೂರು ಇರಬಾರ್ದು, ಚೆನ್ನಾಗಿ ಬೆಂದಿರ್ಬೇಕು, ಖಾರ ಬೇಡ ಅಂದ್ರು. ತಮ್ಮ ಮಡಿವಾಳದ ಮೀನಂಗಡಿಯಿಂದ ಸಮುದ್ರದ ಏಡಿ ತಂದ. ಅವ್ವ ಕುಟ್ಟಿ, ಬಿಳಿ ಬಟ್ಟೇಲಿ ಎರಡು ಸಲ ಸೋಸಿ, ಉಪ್ಪು, ಚೂರು ಜೀರಿಗೆ ಹಾಕಿ ಒಲೆ ಮೇಲಿಟ್ಲು. ಕಾಯ್ತಾ ಕಾಯ್ತಾ ರಸ ಒಡೆದ ಹಾಲಿನಂಗೆ ಮೆತ್ತಗೆ ಗಟ್ಟಿಯಾಯ್ತು. ಆ ಗಟ್ಟೀನೇ ಪ್ರೋಟೀನು. ಎರಡು ಚಮಚ ತಿನ್ನೋಕೆ ಹತ್ತು ನಿಮಿಷ ಬೇಕಾಯ್ತು. ನೀರು ಅರ್ಧ ಗಂಟೆ ಬಿಟ್ಟು. ವಾಕರಿಕೆ ಬರಲಿಲ್ಲ.

ಎಂಟನೇ ವಾರ ಆಸೆಬುರುಕಿ ನಾನು, ನೆಂಟರ ಮನೇಲಿ ಹುರಿದ ಸಿಗಡಿ ಬಾಯಿಗಿಟ್ಟೆ. ಜಾಸ್ತಿ ಹುರಿದು ರಬ್ಬರಾಗಿತ್ತು, ನಾನೂ ಅಗಿಯದೆ ನುಂಗಿದ್ದೆ. ಎದೆಯಲ್ಲಿ ಕಲ್ಲು ಕೂತಂಗಾಗಿ, ಬಾಯಲ್ಲಿ ನೊರೆ ಬಂದು, ಕಡೆಗೆ ವಾಂತಿ. ತಪ್ಪು ನನ್ನದೇ. ಏಡಿ ಮಾಂಸ ಎಳೆ ಎಳೆಯಾಗಿ ಬಿಡಿಸ್ಕೊಳ್ತದೆ, ನನಗೆ ಅದೇ ಒಗ್ಗಿದ್ದು.

ಮೂರನೇ ತಿಂಗಳು ಮೊದಲ ಸಲ ಒಂದಿಡೀ ಕೊಂಬು ಒಡೆದು ತಿಂದೆ. ಅವ್ವ ಪಕ್ಕದಲ್ಲಿ ಕೂತಿದ್ಲು. "ನಿಮ್ಮಜ್ಜಿ ಒಬ್ಬೊಬ್ರಿಗೂ ಇಷ್ಟೇ ಇಕ್ಕೋಳು, ಎಲ್ರಿಗೂ ಬರ್ಬೇಕಲ್ಲ," ಅಂದ್ಲು. ಆಮೇಲೆ ಅಭ್ಯಾಸಬಲದಲ್ಲಿ ಎದ್ದು ಕಿಟಕಿ ಮುಚ್ಚೋಕೆ ಹೋದ್ಲು.

"ತೆಗ್ದಿರ್ಲಿ ಬಿಡವ್ವ," ಅಂದೆ.