ಜಾವಾ–ಯೆಜ್ಡಿ ಮೋಟಾರ್‌ಸೈಕಲ್‌ಗಳ ಹಿಂಬದಿ ಶಾಕ್ ಅಬ್ಸಾರ್ಬರ್ ದುರಸ್ತಿ

ಹಿಂಬದಿ ಶಾಕ್ ಅಬ್ಸಾರ್ಬರ್ ಎಂಬುದು ಮೋಟಾರ್‌ಸೈಕಲ್‌ನ ಚಾಸಿಸ್ ಹಾಗೂ ಹಿಂಚಕ್ರವನ್ನು ಹೊತ್ತ ಸ್ವಿಂಗ್ ಆರ್ಮ್‌ಗಳ ನಡುವೆ ಎರಡೂ ಬದಿಗಳಲ್ಲಿ ಜೋಡಿಸಲಾಗುವ ಆಘಾತಶಾಮಕ ಸಾಧನ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಇದು ‘ಶಾಕಪ್’. ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ವಾಹನಗಳು ಇಂದಿಗೂ ರಸ್ತೆಯಲ್ಲಿ ಓಡುತ್ತಿರುವುದರಿಂದ, ಅವುಗಳ ಹಳೆಯ ಶಾಕ್ ಅಬ್ಸಾರ್ಬರ್‌ಗಳನ್ನು ದುರಸ್ತಿ ಮಾಡಬೇಕೇ ಅಥವಾ ಬದಲಿಸಬೇಕೇ ಎಂಬ ಪ್ರಶ್ನೆ ಮಾಲೀಕರಿಗೆ ಮತ್ತೆ ಮತ್ತೆ ಎದುರಾಗುತ್ತದೆ.

ಹಿನ್ನೆಲೆ

ಆರಂಭಕಾಲದ ಬಹುತೇಕ ಮೋಟಾರ್‌ಸೈಕಲ್‌ಗಳಲ್ಲಿ ಹಿಂಚಕ್ರಕ್ಕೆ ಯಾವುದೇ ಸ್ಪ್ರಿಂಗ್ ಇರಲಿಲ್ಲ. ಸೀಟಿನ ಕೆಳಗಿನ ಸ್ಪ್ರಿಂಗ್‌ಗಳೇ ಸವಾರನಿಗೆ ಆಸರೆ. ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯು 1946ರಲ್ಲಿ ಪರಿಚಯಿಸಿದ ‘ಪೆರಾಕ್’ ಮಾದರಿಯಲ್ಲಿ ಚಕ್ರದ ಅಚ್ಚು ಲಂಬವಾಗಿ ಮೇಲೆ ಕೆಳಗೆ ಸರಿಯುವ ಪ್ಲಂಜರ್ ವ್ಯವಸ್ಥೆಯಿತ್ತು. 1954ರ 353 ಮಾದರಿಯಲ್ಲಿ ಅದರ ಸ್ಥಾನಕ್ಕೆ ಸ್ವಿಂಗ್ ಆರ್ಮ್ ಮತ್ತು ಎರಡು ಶಾಕ್ ಅಬ್ಸಾರ್ಬರ್‌ಗಳು ಬಂದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ತಯಾರಾದ 250 ಸಿಸಿ ಜಾವಾ ಇದೇ ವಂಶದ್ದು. 1970ರ ದಶಕದಲ್ಲಿ ವಾಹನದ ಹೆಸರು ಯೆಜ್ಡಿ ಎಂದಾಯಿತು; 1996ರಲ್ಲಿ ಉತ್ಪಾದನೆ ನಿಂತಿತು. ಅಲ್ಲಿಂದೀಚೆಗೆ ಬಿಡಿಭಾಗಗಳಿಗೆ ಗುಜರಿ ಅಂಗಡಿ, ಹಳೆಯ ದಾಸ್ತಾನು ಮತ್ತು ನಕಲು ತಯಾರಕರೇ ಗತಿ.

ರಚನೆ ಮತ್ತು ಕಾರ್ಯ

ಶಾಕ್ ಅಬ್ಸಾರ್ಬರ್‌ನಲ್ಲಿ ಎರಡು ಪ್ರತ್ಯೇಕ ಕೆಲಸಗಳು ನಡೆಯುತ್ತವೆ. ಹೊರಗಿನ ಸುರುಳಿ ಸ್ಪ್ರಿಂಗ್ ಭಾರವನ್ನು ಹೊರುತ್ತದೆ. ಒಳಗಿನ ಡ್ಯಾಂಪರ್ ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ: ಪಿಸ್ಟನ್ ಚಲಿಸಿದಾಗ ಎಣ್ಣೆಯು ಕಿರಿದಾದ ರಂಧ್ರಗಳ ಮೂಲಕ ನುಗ್ಗಬೇಕಾಗುತ್ತದೆ, ಆ ಪ್ರತಿರೋಧದಿಂದ ಚಲನೆಯ ಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಸಾಮಾನ್ಯವಾಗಿ ಸ್ಪ್ರಿಂಗ್ ಅದುಮಿಕೊಳ್ಳುವಾಗ ಪ್ರತಿರೋಧ ಕಡಿಮೆಯಿದ್ದು, ಹಿಗ್ಗುವಾಗ ಹೆಚ್ಚಿರುತ್ತದೆ. ಡ್ಯಾಂಪರ್ ಕೆಟ್ಟರೂ ಸ್ಪ್ರಿಂಗ್ ವಾಹನವನ್ನು ಎತ್ತಿಹಿಡಿದಿರುವುದರಿಂದ ದೋಷ ಕಣ್ಣಿಗೆ ಬೀಳುವುದಿಲ್ಲ. ತಿರುವಿನಲ್ಲಿಯೋ ಬ್ರೇಕ್ ಹಿಡಿದಾಗಲೋ ಹಿಂಚಕ್ರ ಪುಟಿದು ನೆಲದ ಹಿಡಿತ ಕಳೆದುಕೊಂಡಾಗಲೇ ಅದು ಗೊತ್ತಾಗುವುದು.

ಸವೆತದ ಲಕ್ಷಣಗಳು

ನಿಂತ ವಾಹನದ ಹಿಂಭಾಗವನ್ನು ಬಲವಾಗಿ ಅದುಮಿ ಬಿಟ್ಟಾಗ ಅದು ಮೇಲೆ ಬಂದು ಬೇಗನೆ ನೆಲೆಗೊಳ್ಳಬೇಕು. ಮೂರು ನಾಲ್ಕು ಬಾರಿ ತೂಗಾಡಿದರೆ ಡ್ಯಾಂಪರ್ ಕೆಲಸ ಮಾಡುತ್ತಿಲ್ಲವೆಂದೇ ಅರ್ಥ. ಹೊರಗವಚದ ಕೆಳಗೆ ಎಣ್ಣೆಯ ಜಿಡ್ಡು ಕಂಡರೆ ಸೀಲ್ ಸೋರುತ್ತಿದೆ. ಆದರೆ ಹಳೆಯ ಜಾವಾಗಳ ಲೋಹದ ಕವಚವು ಈ ಜಿಡ್ಡನ್ನು ಬಹುಕಾಲ ಮರೆಮಾಚುತ್ತದೆ. ಇಬ್ಬರು ಕುಳಿತಾಗ ಟೈರ್ ಮಡ್‌ಗಾರ್ಡ್‌ಗೆ ತಾಗುವುದು ಸ್ಪ್ರಿಂಗ್ ಕುಸಿದಿರುವುದರ ಸೂಚನೆಯಿರಬಹುದು. ಕಟಕಟ ಸದ್ದಿಗೆ ಹಲವು ಬಾರಿ ಶಾಕ್ ಅಬ್ಸಾರ್ಬರ್ ಕಾರಣವೇ ಆಗಿರುವುದಿಲ್ಲ. ಅದರ ರಬ್ಬರ್ ಬುಷ್ ಅಥವಾ ಸ್ವಿಂಗ್ ಆರ್ಮ್‌ನ ಬುಷ್ ಸವೆದಿರುತ್ತದೆ. ಇವನ್ನು ನೋಡದೆ ಹೊಸ ಜೋಡಿ ಕೊಳ್ಳುವುದು ಹಣ ಪೋಲು.

ಪುನರ್ನಿರ್ಮಾಣ

ಬಿಚ್ಚುವಾಗಿನ ದೊಡ್ಡ ಅಪಾಯ ಸ್ಪ್ರಿಂಗಿನದು. ಒಂದು ಮಿ.ಮೀ. ಅದುಮಲು 1.5 ಕೆ.ಜಿ. ಭಾರ ಬೇಕಾಗುವ ಸ್ಪ್ರಿಂಗನ್ನು 30 ಮಿ.ಮೀ. ಅದುಮಿ ಕೂರಿಸಿದ್ದರೆ, ಹಿಡಿಕೆ ಕಳಚಿದ ಕ್ಷಣ 45 ಕೆ.ಜಿ. ಬಲ ಒಮ್ಮೆಲೇ ಬಿಡುಗಡೆಯಾಗುತ್ತದೆ. ಆದ್ದರಿಂದ ಸ್ಪ್ರಿಂಗ್ ಅದುಮುವ ಉಪಕರಣವಿಲ್ಲದೆ, ಹಗ್ಗ ತಂತಿಗಳ ನೆರವಿನಿಂದ ಇದನ್ನು ಬಿಚ್ಚಬಾರದು.

ಮೇಲಿನ ಮುಚ್ಚಳ ತಿರುಪಿನದಾಗಿದ್ದರೆ ಡ್ಯಾಂಪರನ್ನು ತೆರೆದು ಸೀಲ್ ಮತ್ತು ಎಣ್ಣೆ ಬದಲಿಸಬಹುದು. ಅಂಚು ಮಡಚಿ ಮುಚ್ಚಿದ್ದರೆ ಲೇತ್ ಕೆಲಸ ಬೇಕಾಗುತ್ತದೆ. ಸೀಲ್‌ಗಿಂತ ಮೊದಲು ಪಿಸ್ಟನ್ ರಾಡನ್ನು ಪರೀಕ್ಷಿಸಬೇಕು. ತುಕ್ಕಿನಿಂದ ಗುಳಿಬಿದ್ದ ರಾಡ್ ಹೊಸ ಸೀಲನ್ನು ಕೆಲವೇ ದಿನಗಳಲ್ಲಿ ಹರಿದುಹಾಕುತ್ತದೆ. ಅಂಥ ರಾಡಿಗೆ ಹಾರ್ಡ್ ಕ್ರೋಮ್ ಲೇಪಿಸಿ ಮೂಲ ಅಳತೆಗೆ ಉಜ್ಜಿಸಬೇಕು, ಇಲ್ಲವೇ ಹೊಸದನ್ನು ಮಾಡಿಸಬೇಕು. ಎಣ್ಣೆಯ ದರ್ಜೆ ಮತ್ತು ಪ್ರಮಾಣಕ್ಕೆ ತಯಾರಕರ ಕೈಪಿಡಿಯೇ ಆಧಾರ. ಮಂದವಾದ ಎಣ್ಣೆ ಡ್ಯಾಂಪಿಂಗನ್ನು ಹೆಚ್ಚಿಸುತ್ತದೆ ನಿಜ, ಆದರೆ ಅದರಿಂದ ಕುಸಿದ ಸ್ಪ್ರಿಂಗ್ ಚೇತರಿಸಿಕೊಳ್ಳುವುದಿಲ್ಲ. ಪೂರ್ತಿ ತುಂಬಿಸಿ ಗಾಳಿಗೆ ಜಾಗವಿಡದಿದ್ದರೆ ರಾಡ್ ಒಳಸರಿಯುವಾಗ ಸೀಲ್ ಒಡೆಯುತ್ತದೆ. ಎಣ್ಣೆ ತುಂಬಿದ ಬಳಿಕ ನೆಟ್ಟಗೆ ಹಿಡಿದು, ಮಧ್ಯದಲ್ಲಿ ಎಲ್ಲಿಯೂ ಸಡಿಲವೆನಿಸದಷ್ಟು ಬಾರಿ ನಿಧಾನವಾಗಿ ಪಂಪ್ ಮಾಡಬೇಕು. ಅಡ್ಡ ಮಲಗಿಸಿಟ್ಟರೆ ಗಾಳಿ ಮತ್ತೆ ಒಳನುಗ್ಗಬಹುದು.

ಸ್ಪ್ರಿಂಗಿನ ಬಿಗಿತವು ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಹಾಗಾಗಿ 7 ಮಿ.ಮೀ. ತಂತಿಯ ಬದಲು ಅದೇ ಸುತ್ತಳತೆ, ಅದೇ ಸುತ್ತುಗಳಿರುವ 8 ಮಿ.ಮೀ. ತಂತಿಯ ಸ್ಪ್ರಿಂಗ್ ಹಾಕಿದರೆ ಬಿಗಿತ ಸುಮಾರು 70% ಹೆಚ್ಚುತ್ತದೆ. ತುಕ್ಕು ಉಜ್ಜಿ 6.8 ಮಿ.ಮೀ.ಗೆ ಇಳಿದರೆ ಸುಮಾರು 11% ತಗ್ಗುತ್ತದೆ. ಹೊಳಪಿಗಾಗಿ ಸ್ಪ್ರಿಂಗಿಗೆ ಕ್ರೋಮ್ ಹಾಕಿಸುವ ರೂಢಿಯಲ್ಲಿ ಇನ್ನೊಂದು ಅಪಾಯವಿದೆ: ಲೇಪನದ ವೇಳೆ ಉಕ್ಕಿನೊಳಗೆ ಸೇರುವ ಜಲಜನಕ ಅದನ್ನು ಪೆಡಸುಗೊಳಿಸುತ್ತದೆ. ಲೇಪನದ ನಂತರ ತಡಮಾಡದೆ ಒಲೆಯಲ್ಲಿ ಹಲವು ಗಂಟೆ ಕಾಯಿಸಿ ಅದನ್ನು ಹೊರಹಾಕದಿದ್ದರೆ ಸ್ಪ್ರಿಂಗ್ ಓಡಾಟದ ನಡುವೆ ಮುರಿಯಬಹುದು. ಕಪ್ಪು ಬಣ್ಣವೇ ಸುರಕ್ಷಿತ.

ಬದಲಾವಣೆ

ಬೇರೆ ವಾಹನದ ಅಥವಾ ನಕಲು ಶಾಕ್ ಅಬ್ಸಾರ್ಬರ್ ಕೊಳ್ಳುವಾಗ ಮೇಲಿನ ಮತ್ತು ಕೆಳಗಿನ ಕಣ್ಣುಗಳ ನಡುವಿನ ಅಂತರ, ಬುಷ್‌ನ ಅಳತೆ, ಚಲನೆಯ ಉದ್ದ ಮತ್ತು ಸ್ಪ್ರಿಂಗಿನ ಬಿಗಿತ ಇವೆಲ್ಲ ಹೊಂದಬೇಕು. ಬೋಲ್ಟ್ ಕೂರುತ್ತದೆಂಬುದಷ್ಟೇ ಸಾಲದು. ಉದ್ದ ಹೆಚ್ಚಾದರೆ ವಾಹನದ ಹಿಂಭಾಗ ಏರಿ, ಮುಂದಿನ ಫೋರ್ಕ್ ನೆಟ್ಟಗಾಗಿ, ವೇಗದಲ್ಲಿ ಹ್ಯಾಂಡಲ್‌ನ ಸ್ಥಿರತೆ ಕುಗ್ಗುತ್ತದೆ. ಸೆಂಟರ್ ಸ್ಟ್ಯಾಂಡ್ ಕೂಡ ನೆಲಕ್ಕೆ ಸರಿಯಾಗಿ ಊರುವುದಿಲ್ಲ. ಜಾವಾದ ಚೈನು ಪೂರ್ಣವಾಗಿ ಮುಚ್ಚಿದ ಪೆಟ್ಟಿಗೆಯೊಳಗಿರುವುದರಿಂದ ಅದರ ಬಿಗಿತವನ್ನೂ ಮರೆಯದೆ ಮತ್ತೆ ನೋಡಬೇಕು. ಒಂದೇ ಬದಿಯದನ್ನು ಬದಲಿಸಿದರೆ ಸ್ವಿಂಗ್ ಆರ್ಮ್ ತಿರುಚಿಕೊಳ್ಳುವುದರಿಂದ ಯಾವಾಗಲೂ ಜೋಡಿಯಾಗಿಯೇ ಬದಲಿಸಲಾಗುತ್ತದೆ. ಅನಿಲ ತುಂಬಿದ ಹೊಸ ಮಾದರಿಗಳಲ್ಲಿ ಒತ್ತಡದ ನೈಟ್ರೋಜನ್ ಇರುತ್ತದೆ. ಇವನ್ನು ಸಾಮಾನ್ಯ ಗ್ಯಾರೇಜಿನಲ್ಲಿ ತೆರೆಯುವಂತಿಲ್ಲ, ಬೆಂಕಿಗೆ ಒಡ್ಡುವಂತೆಯೂ ಇಲ್ಲ.

ಪ್ರದರ್ಶನಕ್ಕೆ ಇಟ್ಟ ವಾಹನಗಳಲ್ಲಿ ಮೂಲ ಭಾಗಗಳಿಗೆ ಬೆಲೆ ಹೆಚ್ಚು. ನಿತ್ಯ ಓಡಿಸುವವರಲ್ಲಿ ಕೆಲವರು ಹೊಸ ಜೋಡಿಯನ್ನು ಹಾಕಿ, ಮೂಲ ಜೋಡಿಯನ್ನು ಎಣ್ಣೆ ಸವರಿ ನೆಟ್ಟಗೆ ನಿಲ್ಲಿಸಿ ಕಾಪಿಡುತ್ತಾರೆ.